ಮೂರು ಬೆರಳಿನ ಸತ್ಯ

“ಹಲ್ಲು ಬಿಡೇ ಮುಂಡೇದೆ. ನಿಮ್ಮಪ್ಪನ ಹೆಣ ಹೊತ್ಕೊಂಡು ಬಂದಿದ್ದೀಯೇನೇ?”

ಮೇಲ್ವಿಚಾರಕ ಗಿಟೋಂಗಾ ಬೊಗಳಿದ್ದು ಕೆಮುಂಟೊಗೆ. ನೈರೋಬಿಯ ಆ ಕಂಪನಿಯ ಬಾಗಿಲಲ್ಲಿ ಒಂದು ಕ್ಯಾಮೆರಾ ಇತ್ತು. ಒಳಗೆ ಬರುವವರೆಲ್ಲ ಅದಕ್ಕೆ ನಗುಮುಖ ತೋರಿಸಬೇಕು. ಕೆಲಸಗಾರರು ಖುಷಿಯಾಗಿದ್ದಾರೆ ಎನ್ನುವುದಕ್ಕೆ ಅದೇ ಪುರಾವೆಯಂತೆ. ಸಾಲಾಗಿ ಮೂರು ದಿನ ನಗದವರು ಮನೆಗೆ. ಕೆಮುಂಟೊಳ ದವಡೆ ಊದಿ ಇವತ್ತಿಗೆ ಮೂರನೇ ದಿನ.

“ಹಲ್ಲು ನೋವು ಬಾಸ್. ಬಾಯಿ ತೆಗೆಯಕ್ಕಾಯ್ತಿಲ್ಲ.”

“ತಿನ್ನಕ್ಕೆ ತೆಗೀತೀಯಲ್ಲ? ನಾವು ಜವಾಬ್ದಾರಿ ಇರೋ ಕಂಪನಿ ಅಂತ ಸರ್ಟಿಫಿಕೇಟ್ ಕೊಡಕ್ಕೆ ಇವತ್ತು ಜರ್ಮನಿಯವರು ಬತ್ತಾವ್ರೆ. ಅವರು ಹೋಗ್ಲಿ, ನಿನ್ನ ಹೊರಗೆ ದಬ್ತೀನಿ.”

ಒಳಗೆ ನಲವತ್ತು ಜನರಿಗೂ ಒಂದೇ ಕೆಲಸ. ಮುಖ ನೋಡಿ ಮನಸ್ಸು ಹೇಳುವ ಯಂತ್ರಕ್ಕೆ ಅರ್ಥವಾಗದ ಮುಖಗಳು ಅವರ ಪರದೆಗೆ ಬರುತ್ತವೆ. ಸಂತೋಷ, ದುಃಖ, ಕೋಪ, ಭಯ, ಇವುಗಳಲ್ಲಿ ಒಂದನ್ನು ಒತ್ತಬೇಕು. ಮೂವರು ಒಂದೇ ಉತ್ತರ ಒತ್ತಿದರೆ ಅದೇ ಸತ್ಯ. ಆಮೇಲೆ ಗಿಟೋಂಗಾ ಅಲ್ಲ, ಅವರಪ್ಪ ಬಂದರೂ ಅದನ್ನು ತಿದ್ದಲಾಗದು. ಕಂಪನಿ ದೇಶದೇಶಕ್ಕೆ ಮಾರುತ್ತಿದ್ದದ್ದೇ ಆ ಹೆಮ್ಮೆಯನ್ನು.

ಜರ್ಮನಿಯವರಿಗೆ ತೋರಿಸಲು ಆ ಜಾಣ ಗಿಟೋಂಗಾ ಏನು ಮಾಡಿದ ನೋಡಿ. ಬೆಳಿಗ್ಗೆ ಬಾಗಿಲಲ್ಲಿ ಕ್ಯಾಮೆರಾ ಹಿಡಿದ ಮುಖಗಳನ್ನೆಲ್ಲ ತಂದು ಅವರ ಪರದೆಗೇ ಸುರಿದ.

“ಎಲ್ಲಕ್ಕೂ ಸಂತೋಷ ಅಂತ ಒತ್ರಿ. ಟೀ ಗೀ ಆಮೇಲೆ.”

ಕೆಮುಂಟೊಗೆ ಬಂದದ್ದು ಅವಳದೇ ಮುಖ. ಕೆನ್ನೆಯೊಳಗೆ ಎಣ್ಣೆಯಲ್ಲಿ ಕರಿದ ಇಡೀ ಮಂಡಾಜಿ ಬನ್ನು ತುರುಕಿಕೊಂಡು ನುಂಗಲಾರದೆ ಕೂತವಳಂತಿದ್ದಳು. ನಗು ಬಂತು, ಜೊತೆಗೇ ಜೀವ ಹೋಗುವಂಥ ನೋವೂ ಬಂತು.

“ಏನ್ ಒತ್ತಿದ್ಯೇ?” ಎಡಗಡೆ ಕೂತಿದ್ದ ಮ್ವೆಂಡೆ ಇಣುಕಿದಳು.

“ಭಯ.”

“ಹಲ್ಲು ನೋವಿಗ್ಯಾಕೇ ಭಯ?”

“ಹಲ್ಲಿಗಲ್ಲಕ್ಕಾ, ಆ ನನ್ಮಗನಿಗೆ.”

ಮ್ವೆಂಡೆ ಕಿಸಕ್ಕೆಂದಳು. “ಹಂಗಾದ್ರೆ ನನ್ನ ಮುಖಕ್ಕೂ ಅದನ್ನೇ ಒತ್ತವ್ವ. ನಾನೇನು ಪ್ರೀತಿಗೆ ನಕ್ಕಿದ್ನಾ?”

ಬಲಗಡೆಯ ನಾಂಜಲಾ ಆ ಮಾತನ್ನು ಹಿಂದಿನ ಸಾಲಿಗೆ ಮುಟ್ಟಿಸಿದಳು. ಆ ಸಾಲಿನವರು ಮತ್ತೊಂದು ಸಾಲಿಗೆ ಮುಟ್ಟಿಸಿದರು.

ಮಧ್ಯಾಹ್ನ ಜರ್ಮನಿಯಿಂದ ಒಬ್ಬ ಹೆಂಗಸು, ಇಬ್ಬರು ಗಂಡಸರು ಬಂದರು. ಗಿಟೋಂಗಾ ಗೋಡೆಯ ದೊಡ್ಡ ಪರದೆ ಹಾಕಿದ. ನಾಲಿಗೆಗೆ ಜೇನು ಹಚ್ಚಿಕೊಂಡಿದ್ದ.

“ನಮ್ಮ ಜನ ಎಷ್ಟು ಖುಷಿಯಾಗಿದ್ದಾರೆ, ತಾವೇ ನೋಡಿ ಮೇಡಂ. ಯಂತ್ರ ಸುಳ್ಳು ಹೇಳಲ್ಲ.”

ಮೂವತ್ತೊಂಬತ್ತು ಮುಖಗಳು ಬಾಯಿ ಕಿವಿಗೆ ಮುಟ್ಟುವಂತೆ ನಗುತ್ತಿದ್ದವು. ಒಂದು ಊದಿಕೊಂಡಿತ್ತು. ನಲವತ್ತು ಮುಖಗಳ ಕೆಳಗೂ ಭಯ ಎಂದಿತ್ತು.

“ಯಂತ್ರ ಕೆಟ್ಟಿದೆಯಾ?” ಆ ಹೆಂಗಸು ಕೇಳಿದಳು.

ಹೌದೆಂದರೆ ವ್ಯಾಪಾರ ಹೋಗುತ್ತಿತ್ತು, ಇಲ್ಲವೆಂದರೆ ಸರ್ಟಿಫಿಕೇಟ್. ಗಿಟೋಂಗಾ ಸುಮ್ಮನೆ ನಕ್ಕ.

“ಹಾಗಾದರೆ ನಿಮ್ಮ ಮುಖವನ್ನೇ ಪರೀಕ್ಷೆ ಮಾಡೋಣ,” ಎಂದು ಅವಳು ಅವನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದಳು. ಆ ನಗು ಯಂತ್ರಕ್ಕೆ ಅರ್ಥವಾಗಲಿಲ್ಲ. ಅದು ಕೆಮುಂಟೊ, ಮ್ವೆಂಡೆ, ನಾಂಜಲಾ ಮೂವರ ಪರದೆಗೆ ಬಂತು.

ಗಿಟೋಂಗಾ ಓಡೋಡಿ ಬಂದು ಕೆಮುಂಟೊಳ ಬೆನ್ನ ಹಿಂದೆ ಬಗ್ಗಿದ.

“ಸಂತೋಷ ಅಂತ ಒತ್ತವ್ವಾ. ನಿನ್ ಕೆಲಸ ಎಲ್ಲೂ ಹೋಗಲ್ಲ, ನನ್ನಾಣೆ. ಡಾಕ್ಟ್ರ ಹತ್ರ ನಾನೇ ಕಳಿಸ್ತೀನಿ.”

ಎರಡು ವರ್ಷದಲ್ಲಿ ಅವನು ಅವಳನ್ನು ಅವ್ವಾ ಎಂದದ್ದು ಇದೇ ಮೊದಲು. ಕೆಲಸ ಅವಳಿಗೆ ಬೇಕಿತ್ತು, ತುಂಬಾ ಬೇಕಿತ್ತು. ಪರದೆಯ ಮೂಲೆ ನೋಡಿದಳು. ಇಬ್ಬರು ಆಗಲೇ ಭಯ ಎಂದು ಒತ್ತಿಯಾಗಿತ್ತು. ಮ್ವೆಂಡೆ ಸೂರು ನೋಡುತ್ತಿದ್ದಳು, ನಾಂಜಲಾ ಉಗುರು ನೋಡಿಕೊಳ್ಳುತ್ತಿದ್ದಳು.

“ಸ್ವಲ್ಪ ಆ ಕಡೆ ಸರೀರಿ ಬಾಸ್, ಕೈ ಆಡಕ್ಕಾಯ್ತಿಲ್ಲ,” ಎಂದಳು ಕೆಮುಂಟೊ. ಅವನು ಸರಿದ. ಅವಳು ಭಯವನ್ನು ಒತ್ತಿದಳು.