ಮೂವತ್ತೊಂದು ನಿಮಿಷದ ಹಿಡಿತ

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ದ್ಯಾಮವ್ವನವರ ಎಡ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಕಚ್ಚಿ ಹಿಡಿದೆ. ಬಿಟ್ಟದ್ದು ಹನ್ನೊಂದು ಗಂಟೆ ಹದಿಮೂರಕ್ಕೆ.

ನಾನೊಂದು ಉಕ್ಕಿನ ಕ್ಲ್ಯಾಂಪು. ಉದ್ದ ನಾಲ್ಕು ಸೆಂಟಿಮೀಟರ್. ಬಟ್ಟೆ ಒಣಹಾಕುವ ಕ್ಲಿಪ್ಪಿನದೇ ರೀತಿ. ಆದರೆ ನನ್ನ ಹಲ್ಲು ನಾಳವನ್ನು ಅಮುಕಬೇಕು, ಗಾಯ ಮಾಡಬಾರದು. ಕಾರ್ಖಾನೆಯಲ್ಲಿ ಒಬ್ಬ ಮುದುಕ ನನ್ನಿಂದ ತೆಳು ಕಾಗದ ಕಚ್ಚಿಸಿ, ಅದನ್ನು ಬೆಳಕಿಗೆ ಹಿಡಿದು, ತೂತು ಬಿದ್ದಿಲ್ಲವೆಂದು ನೋಡಿಕೊಂಡೇ ನನ್ನನ್ನು ಡಬ್ಬಿಗೆ ಹಾಕಿದ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನನ್ನ ಮೊದಲ ಯಜಮಾನರು ಡಾ. ವಾದಿರಾಜ ಗುಡಿ. ಅವರ ನಿಯಮ ಸರಳ. ಮೂತ್ರಪಿಂಡದ ಕ್ಯಾನ್ಸರ್ ಗೆಡ್ಡೆ ಚಿಕ್ಕದಿದ್ದರೆ ಅದನ್ನಷ್ಟೇ ಕೊಯ್ದು ತೆಗೆಯುವುದು. ಏಳು ಸೆಂಟಿಮೀಟರ್ ದಾಟಿದರೆ ಇಡೀ ಮೂತ್ರಪಿಂಡವನ್ನೇ. ಮೊದಲನೆಯದಕ್ಕೆ ನಾನು ಬೇಕು: ನಾನು ರಕ್ತ ತಡೆದಿರುವಷ್ಟರಲ್ಲಿ ಕೊಯ್ದು ಹೊಲಿಯಬೇಕು. ಎರಡನೆಯದಕ್ಕೆ ಬೇಡ: ನಾಳವನ್ನು ದಾರದಿಂದ ಕಟ್ಟಿ ಕತ್ತರಿಸುತ್ತಾರೆ. ಅಂಥ ದಿನ ನಾನು ಟ್ರೇಯಲ್ಲಿ ಮಲಗಿ ಪಕ್ಕದ ಬಟ್ಟಲನ್ನು ನೋಡುತ್ತಿದ್ದೆ. ಕೆಲವೊಮ್ಮೆ ಗೆಡ್ಡೆಯ ಜೊತೆ ಅರ್ಧಕ್ಕರ್ಧ ಒಳ್ಳೆಯ ಭಾಗವೂ ಅಲ್ಲಿರುತ್ತಿತ್ತು. ಅದನ್ನು ಉಳಿಸಿದ್ದರೆ ಏನಾಗುತ್ತಿತ್ತು? ಕೇಳಲು ನನಗೆ ಬಾಯಿಯಿದೆ, ಮಾತಿಲ್ಲ.

ಗುಡಿಯವರು ನಿವೃತ್ತರಾದ ಮೇಲೆ ಅವರ ಶಿಷ್ಯೆ ಡಾ. ತಸ್ನೀಮ್ ಮುಲ್ಲಾ ಅವರ ಕೈಗೆ ಬಂದೆ. ದ್ಯಾಮವ್ವ ಬಂದದ್ದು ಆಗ. ಐವತ್ತೆಂಟು ವರ್ಷ, ಖಾನಾವಳಿ ನಡೆಸುವವರು. ಎಡ ಮೂತ್ರಪಿಂಡದ ಕೆಳತುದಿಯಲ್ಲಿ ಎಂಟೂವರೆ ಸೆಂಟಿಮೀಟರ್ ಗೆಡ್ಡೆ. ಬಲಗಡೆಯದು ಹಳೆಯ ಕಲ್ಲುಗಳಿಂದ ಆಗಲೇ ಸೊರಗಿತ್ತು. ಎಡದ್ದನ್ನು ಪೂರ್ತಿ ತೆಗೆದರೆ ಡಯಾಲಿಸಿಸ್ ಬಹುತೇಕ ಖಚಿತ.

ಅರಿವಳಿಕೆ ಕೊಡುವ ಮೊದಲು ಆಕೆ ಮತ್ತೊಮ್ಮೆ ಕೇಳಿದರು.

"ಡಾಕ್ಟರವ್ವಾ, ಪೂರ್ತಿ ತಗದ್ರ ರೋಗಾನೂ ಪೂರ್ತಿ ಹೋಗ್ತದೇನು?"

"ಹಂಗ ಗ್ಯಾರಂಟಿ ಇಲ್ಲವ್ವಾ. ಅರ್ಧ ಉಳಿಸಿದ್ರೂ ರೋಗದ ಮಟ್ಟಿಗೆ ಹೆಚ್ಚುಕಡಿಮಿ ಅಷ್ಟ ಅಂತ ಕಾಣ್ತದ, ಖರೆ ಪಕ್ಕಾ ಹೇಳಾಕ ಬರೂದಿಲ್ಲ. ಉಳಿಸಾಕ ಹೋದ್ರ ರಕ್ತ ಹೋಗೂ ಅಂಜಿಕಿ ಜಾಸ್ತಿ, ಉಚ್ಚಿ ಸೋರಬಹುದು. ನಿಮ್ದು ಇನ್ನೊಂದು ಸೋತದ, ಅದಕ್ಕ ಉಳಸೂಣು ಅಂತೀನಿ."

"ಉಳಸ್ರಿ. ನಾ ವಾರಕ್ಕ ಮೂರು ದಿನ ಮಷೀನಿನ ಮುಂದ ಕುಂತ್ರ ರೊಟ್ಟಿ ಯಾರು ಬಡೀತಾರ? ನನ್ನ ಸೊಸಿ ಬಡದ ರೊಟ್ಟಿ ತಿಂದ್ರ ಗಿರಾಕಿಗಳೆಲ್ಲಾ ಹಲ್ಲಿನ ಡಾಕ್ಟರ ಕಡೆ ಹೋಗ್ತಾರ."

ನಿವೃತ್ತರಾದರೂ ಅಂದು ನೆರವಿಗೆಂದು ಬಂದು ನಿಂತಿದ್ದ ಗುಡಿಯವರು ನಕ್ಕರು, ಒಪ್ಪಿದೆ ಎನ್ನಲಿಲ್ಲ.

ನಾನು ಕಚ್ಚಿದೆ. ಸುತ್ತ ಐಸಿನ ಪುಡಿ ತುಂಬಿದರು. ತಣ್ಣಗಿದ್ದರೆ ಮೂತ್ರಪಿಂಡ ರಕ್ತವಿಲ್ಲದೆ ಹೆಚ್ಚು ಹೊತ್ತು ತಾಳುತ್ತದೆ. ಸಿಸ್ಟರ್ ಫಿಲೋಮಿನಾ ಐದೈದು ನಿಮಿಷಕ್ಕೊಮ್ಮೆ ಹೊತ್ತು ಕೂಗುತ್ತಿದ್ದರು. ಹದಿನೈದಕ್ಕೆ ಗೆಡ್ಡೆ ಬಟ್ಟಲಿಗೆ ಬಂತು. ಹೊಲಿಗೆ ಬಾಕಿಯಿತ್ತು.

"ಇಪ್ಪತ್ತೈದು," ಎಂದರು ಸಿಸ್ಟರ್.

"ತಸ್ನೀಮ್, ಗಾಯ ಭಾಳ ಆಳ ಅದ. ಸಾಕು, ಪೂರ್ತಿ ತಗದುಬಿಡು," ಎಂದರು ಗುಡಿ.

"ಐಸ್ ಹಾಕೀವಲ್ರೀ ಸರ್. ಇನ್ನ ನಾಕ ಹೊಲಿಗಿ."

"ನೀ ಎಂದ ನನ್ನ ಮಾತು ಕೇಳೀದಿ?" ಎನ್ನುತ್ತಲೇ ಅವರು ಮುಂದಿನ ದಾರವನ್ನು ಬಿಗಿಹಿಡಿದು ಕೊಟ್ಟರು.

ಮೂವತ್ತೊಂದಕ್ಕೆ ನನ್ನನ್ನು ಬಿಡಿಸಿದರು. ಬೂದು ಬಣ್ಣಕ್ಕೆ ತಿರುಗಿದ್ದ ಮೂತ್ರಪಿಂಡ ಗುಲಾಬಿಯಾಯಿತು. ಒಂದು ಹೊಲಿಗೆಯ ಬದಿ ರಕ್ತ ಜಿನುಗಿತು. ಒತ್ತಿ ಹಿಡಿದರು, ನಿಂತಿತು.

ಆಮೇಲಿನದು ಫಿಲೋಮಿನಾ ಅವರ ಮಾತಿನಿಂದ ತಿಳಿದದ್ದು. ಹೊಲಿದ ಜಾಗದಿಂದ ಹನ್ನೊಂದು ದಿನ ಮೂತ್ರ ಸೋರಿತು; ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡಬೇಕಾಯಿತು. ಅದೇ ವಾರ ಇಡೀ ಮೂತ್ರಪಿಂಡ ತೆಗೆಸಿಕೊಂಡ ಬಸ್ ಕಂಡಕ್ಟರ್ ಒಬ್ಬರು ನಾಲ್ಕನೇ ದಿನ ಮನೆಗೆ ಹೋದರು. "ಅವಗ ಪೂರ್ತಿ ತಗದು ಕಳಿಸೀರಿ, ನನಗ ಅರ್ಧ ಬಿಟ್ಟು ಇಲ್ಲೇ ಕುಂದರಿಸೀರಿ," ಎಂದು ದ್ಯಾಮವ್ವ ಬೈಯುತ್ತಿದ್ದರಂತೆ.

ಈಗ ನನ್ನ ಸ್ಪ್ರಿಂಗ್ ಸಡಿಲ. ಕಲಿಕೆಯ ಕೋಣೆಯಲ್ಲಿ ಕಿರಿಯ ವೈದ್ಯರು ಮಾಂಸದಂಗಡಿಯಿಂದ ತಂದ ಕುರಿಯ ಮೂತ್ರಪಿಂಡದ ಮೇಲೆ ನನ್ನನ್ನಿಟ್ಟು ಅಭ್ಯಾಸ ಮಾಡುತ್ತಾರೆ. ಗೆಡ್ಡೆಯನ್ನಷ್ಟೇ ತೆಗೆಯುವುದೋ ಇಡೀ ಮೂತ್ರಪಿಂಡವನ್ನೋ, ಎರಡರಲ್ಲಿ ಯಾವುದು ಮೇಲು ಎಂದು ನನಗಿನ್ನೂ ಗೊತ್ತಿಲ್ಲ. ಒಬ್ಬರ ಕಥೆಯಿಂದ ಎಲ್ಲರ ಉತ್ತರ ಸಿಗದು. ಗೆಡ್ಡೆಯ ಅಳತೆಯೊಂದನ್ನೇ ನೋಡಿದರೆ ಸಾಲದು, ಅದು ಕೂತ ಜಾಗವನ್ನೂ ಇನ್ನೊಂದು ಮೂತ್ರಪಿಂಡದ ಬಲವನ್ನೂ ನೋಡಬೇಕು. ನಾನು ಕಲಿತದ್ದು ಇಷ್ಟು.

ಹೋದ ತಿಂಗಳು ದ್ಯಾಮವ್ವ ಮೂರನೇ ವರ್ಷದ ತಪಾಸಣೆಗೆ ಬಂದಿದ್ದರು. ಸ್ಕ್ಯಾನಿನಲ್ಲಿ ಗೆಡ್ಡೆ ಮತ್ತೆ ಕಂಡಿಲ್ಲ. ಡಯಾಲಿಸಿಸ್ ಬೇಕಾಗಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ.