ತಟ್ಟೆ ಎತ್ತುವ ಅನುಮತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಯಜಮಾನರು ಅಲೀಮ್ ಹೇಳುತ್ತಿರುತ್ತಾರೆ. ಇರಲಿ. ರಾಚೆಸ್ಟರ್ ಹಿಲ್ಸ್‌ನಂಥ ಊರಲ್ಲಿ ಹೊಲಿಗೆ ಅಂಗಡಿ ಇಟ್ಟವಳಿಗೆ ಅಷ್ಟೂ ಕೋಪ ಬೇಡವೇ? ಶುಕ್ರವಾರ ಸಂಜೆ ಬಟ್ಟೆ ತಂದು ಶನಿವಾರ ಬೆಳಿಗ್ಗೆಗೆ ರವಿಕೆ ಕೇಳುವವರನ್ನು ಇನ್ನು ಹೇಗೆ ಸಂಭಾಳಿಸುವುದು? ಆದರೆ ಮಂಜರಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಕೋಪದಿಂದ ಆದದ್ದಲ್ಲ. ಹೆದರಿಕೆಯಿಂದ ಆದದ್ದು.

ಅವಳು ಸಿಕ್ಕಿದ್ದು ಎರಡು ಸಾವಿರದ ಮೂರರ ದೀಪಾವಳಿಯಲ್ಲಿ, ಕನ್ನಡ ಸಂಘದ ಊಟದ ದಿನ. ನನ್ನ ಮಗಳು ಇನಾಯಾಗೆ ಆಗ ಹನ್ನೆರಡು. ಡ್ಯಾನ್ಸಿಗೆ ಐದು ನಿಮಿಷ ಇರುವಾಗ ಯಾರೋ ಅವಳ ಲಂಗದ ಅಂಚನ್ನು ತುಳಿದು ಒಂದು ಮೊಳ ಕಿತ್ತುಹೋಯಿತು. ಟೇಲರ್ ಮಗಳ ಲಂಗವೇ ಹರಿದಿದೆ, ಟೇಲರ್ ಹತ್ತಿರ ಸೂಜಿ ಇಲ್ಲ! ನಾನು ಎಲ್ಲರ ಮೇಲೂ ಹರಿಹಾಯುತ್ತಿದ್ದಾಗ ಒಬ್ಬಳು ಸಣಕಲು ಹುಡುಗಿ ಬಂದು ನೆಲದ ಮೇಲೆ ಮಂಡಿಯೂರಿದಳು. ಪರ್ಸಿನಿಂದ ಸೂಜಿ ದಾರ ತೆಗೆದು, ಹೊರಗೆ ಕಾಣದ ಹಾಗೆ ಅಂಚು ಹೊಲಿದು, ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

"ನಮ್ಮವ್ವ ರಾಣೆಬೆನ್ನೂರಾಗ ಟೇಲರ್ ಅದಾಳ್ರಿ ಆಂಟಿ. ಸೂಜಿ ಇಲ್ದ ಹೊಸ್ತಿಲ ದಾಟಬ್ಯಾಡ ಅಂತಾಳ" ಎಂದಳು.

ಆನ್ ಆರ್ಬರ್‌ನಲ್ಲಿ ಎಂಎಸ್ ಓದಲು ಬಂದು ಎರಡೇ ತಿಂಗಳಾಗಿತ್ತು. ಮುಂದಿನ ಶನಿವಾರವೇ ಅಲೀಮ್ ಐವತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ ಅವಳನ್ನು ಕರೆತಂದರು. ಆಮೇಲೆ ಶನಿವಾರ ಭಾನುವಾರ ಬಂದರೆ ಅವಳು ನಮ್ಮಲ್ಲೇ.

ಚನ್ನರಾಯಪಟ್ಟಣದ ನಮ್ಮ ತವರಿನಲ್ಲಿ ಒಂದು ಪದ್ಧತಿ ಇತ್ತು. ಬಂದ ಅತಿಥಿ ಉಂಡ ತಟ್ಟೆ ಎತ್ತುವಂತಿಲ್ಲ. ಮನೆಯವರು ಮಾತ್ರ ಅವರವರ ತಟ್ಟೆ ಅವರೇ ತೊಳೆಯಬೇಕು. ನಮ್ಮಮ್ಮ ಯಾರನ್ನಾದರೂ ತಟ್ಟೆ ತೊಳೆಯಲು ಬಿಟ್ಟರೆ ಅವರು ಮನೆಯವರಾದರು ಎಂದೇ ಲೆಕ್ಕ. ಮೊದಲ ದಿನ ಮಂಜರಿ ತಟ್ಟೆಗೆ ಕೈ ಹಾಕಿದಾಗ ನಾನು ಕಿತ್ತುಕೊಂಡು ಆ ಪದ್ಧತಿಯ ಕಥೆಯನ್ನೂ ಹೇಳಿದೆ. ಎರಡನೆಯ ಸಲವೂ ಕಿತ್ತುಕೊಂಡೆ. ಮೂರನೆಯ ಸಲ ಸುಮ್ಮನೆ ಕೂತೆ. ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ಎದ್ದುಹೋಗಿ ತೊಳೆದು ಬಂದು ನನ್ನ ದುಪಟ್ಟಾಕ್ಕೇ ಕೈ ಒರೆಸಿಕೊಂಡಳು. ಆ ದಿನ ನನಗಾದ ಸಂತೋಷವನ್ನು ಯಾರಿಗೂ ಹೇಳಿಲ್ಲ.

ಅವಳು ಮಾಂಸ ತಿನ್ನುವುದಿಲ್ಲ. ಅದಕ್ಕೇ ಒಂದು ಬಾಣಲೆ ಬೇರೆ ಕೊಂಡು, ಯಾರೂ ಮರೆತು ಬಳಸದ ಹಾಗೆ ಹಿಡಿಗೆ ಕೆಂಪು ದಾರ ಕಟ್ಟಿಟ್ಟೆ. ವಾರವೆಲ್ಲ ಅವಳು ಕ್ಯಾಂಪಸ್ಸಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡುತ್ತಿದ್ದಳು. ವಿದ್ಯಾರ್ಥಿ ವೀಸಾದವರಿಗೆ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ ಇಪ್ಪತ್ತು ಗಂಟೆ ಕೆಲಸಕ್ಕೆ ಅವಕಾಶ. ಹೊರಗೆ, ಅನುಮತಿ ಇಲ್ಲದೆ, ಸೊನ್ನೆ. ಇದು ನನಗೂ ಗೊತ್ತಿತ್ತು. ಆದರೆ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಹರಟುತ್ತಾ ರವಿಕೆಗೆ ನಾಲ್ಕು ಹುಕ್ ಹಚ್ಚಿದರೆ ಅದು ಕೆಲಸ ಎಂದು ನನಗೆ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಟೇಲರ್ ಮನೆಯವರ ಕೈ ಸುಮ್ಮನಿರುತ್ತದೆಯೇ?

ಮರುವರ್ಷ ದೀಪಾವಳಿಯೂ ರಂಜಾನ್ ಹಬ್ಬವೂ ಎರಡೇ ದಿನದ ಅಂತರದಲ್ಲಿ ಬಂದವು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಜರಿ ಎರಡನೆಯ ಮಷಿನ್ನಿನ ಮುಂದೆ ಕೂತು ದಾರ ಪೋಣಿಸುತ್ತಿದ್ದಳು. ಅಷ್ಟರಲ್ಲಿ ಹೆಂಡತಿಯ ರವಿಕೆ ಒಯ್ಯಲು ಸಂಘದ ಪದ್ಮನಾಭ ಬಂದರು. ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಏನಮ್ಮ, ನೀನು ಸ್ಟೂಡೆಂಟ್ ವೀಸಾ ಅಲ್ವಾ?" ಎಂದರು.

"ಸಂಬಳ ಗಿಂಬಳ ಏನಿಲ್ಲ ಸಾರ್, ಮನೆ ಹುಡುಗಿ" ಎಂದೆ ನಾನು.

"ಅಂಗಡಿ ಮನೆ ಅಲ್ವಲ್ಲ ತಾಹೇರಾ ಅವ್ರೇ. ನಾನು ಯಾರಿಗೂ ಹೇಳಲ್ಲ. ಆದ್ರೆ ಯೂನಿವರ್ಸಿಟಿಲಿ ಒಂದು ಮಾತು ಕೇಳ್ಲಿ."

ಮಂಜರಿ ದಾರ ಅಲ್ಲೇ ಬಿಟ್ಟು ಎದ್ದಳು. ಸೋಮವಾರ ಅವಳ ಫೋನ್ ಬಂತು. ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳಿ ಕೇಳಿದ್ದಳಂತೆ.

"ರೊಕ್ಕ ತಗೊಳ್ಳದಿದ್ರೂ ಅಂಗಡ್ಯಾಗ ಮಾಡಿದ್ದು ಕೆಲಸನ ಅಂತ್ರಿ ಆಂಟಿ. ಇನ್ನ ಮುಟ್ಟಬ್ಯಾಡ ಅಂದಾರ. ವೀಸಾ ಸ್ಟೇಟಸ್ ಹೋದ್ರ ಓದು ಅರ್ಧಕ್ಕ ಬಿಟ್ಟು ಊರಿಗೆ ಹೋಗೂದ."

ಮೊದಲು ನನಗೆ ಉರಿದುಹೋಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಕಲಿತು ಬಂದವರಿಗೆ, ಕೈ ಕೆಸರಾದರೆ ವೀಸಾ ಹೋಗುತ್ತದೆ ಎನ್ನುವ ದೇಶ! "ಹುಡುಗಿ ಒಂದು ಹುಕ್ ಹಚ್ಚಿದ್ರೆ ಇವ್ರ ಗಂಟೇನು ಹೋಗುತ್ತೆ?" ಎಂದು ಅಲೀಮ್ ಮೇಲೆ ಕೂಗಾಡಿದೆ. ಅವರು ಪೇಪರ್ ಮಡಿಸಿ, "ನಮ್ಮಂಗಡಿಯಿಂದ ಆ ಮಗೂಗೆ ಏನಾದ್ರೂ ಆದ್ರೆ, ಅವಳ ತಾಯಿಗೆ ಏನು ಹೇಳ್ತೀಯ?" ಎಂದರು.

ಅಲ್ಲಿಗೆ ಕೋಪ ಇಳಿದು ಹೆದರಿಕೆ ಹತ್ತಿತು. ಅವಳಿ ಗೋಪುರಗಳು ಉರುಳಿದ ಮೇಲಿನ ಆ ವರ್ಷಗಳಲ್ಲಿ ನಮ್ಮಂಥ ಹೆಸರಿನವರಿಗೆ ಸರ್ಕಾರದ ಲಕೋಟೆ ಕಂಡರೇ ಎದೆ ಹೊಡೆದುಕೊಳ್ಳುತ್ತಿತ್ತು. ಇನ್ನು ನಮ್ಮ ದೆಸೆಯಿಂದ ಅವಳಿಗೂ ತೊಂದರೆಯೇ? ಹಗ್ಗ ಕಂಡರೂ ಹಾವು ಎನ್ನತೊಡಗಿದೆ. ಅವಳನ್ನು ಅಂಗಡಿಗೆ ಬರಬೇಡ ಎಂದೆ, ಅದು ಸರಿಯೇ. ಆದರೆ ಮನೆಯಲ್ಲೂ ಬೆಳ್ಳುಳ್ಳಿ ಬಿಡಿಸಲು ಕೂತರೆ ಮೊರ ಎಳೆದುಕೊಂಡೆ. ಇನಾಯಾ ಯೂನಿಫಾರ್ಮಿಗೆ ಗುಂಡಿ ಹಚ್ಚಹೋದರೆ ಸೂಜಿ ಡಬ್ಬಿ ಬಚ್ಚಿಟ್ಟೆ. ಕೊನೆಗೆ ಒಂದು ಭಾನುವಾರ ಅವಳು ಉಂಡು ಏಳುವಾಗ ತಟ್ಟೆಗೂ ಕೈ ಹಾಕಿದೆ.

"ಇದು ಮನಿ ಐತ್ರಿ ಆಂಟಿ. ನನ್ನ ತಟ್ಟಿ ನಾ ತೊಳದ್ರ ಯಾರೂ ಏನೂ ಅನ್ನೂದಿಲ್ಲ."

"ನಿಂಗೊತ್ತಾಗಲ್ಲ, ಸುಮ್ನೆ ಕೂತ್ಕೋ" ಎಂದು ಕಿತ್ತುಕೊಂಡುಬಿಟ್ಟೆ. ಅವಳು ಎಂಜಲು ಕೈಯನ್ನಷ್ಟೇ ತೊಳೆದುಕೊಂಡಳು. ಆಮೇಲೆ ಹೋಗಿ ಸೋಫಾದ ತುದಿಯಲ್ಲಿ, ಮೊದಲ ದಿನ ಕೂತ ಹಾಗೆ ಕೂತಳು.

ಜನವರಿಯಿಂದ ಅವಳು ಬರುವುದು ನಿಂತಿತು. ಒಂದು ವಾರ ಪ್ರಾಜೆಕ್ಟ್, ಒಂದು ವಾರ ಹಿಮ, ಒಂದು ವಾರ ಪರೀಕ್ಷೆ. ನಾನು ಮನೆಯಲ್ಲಿ ಹಾರಾಡಿದೆ. "ಅನ್ನ ಹಾಕಿದವರನ್ನ ಹೀಗಾ ಮರೆಯೋದು?" ಎಂದೆ. ಇನಾಯಾ ಹೋಮ್‌ವರ್ಕಿನಿಂದ ತಲೆ ಎತ್ತದೆ, "ಮಾಮ್, ಯೂ ಮೇಡ್ ಹರ್ ಅ ಗೆಸ್ಟ್" ಎಂದಳು.

ಎಷ್ಟು ಬೇಗ ಹೇಳಿದಳು! ನನಗೆ ಎರಡು ತಿಂಗಳಾದರೂ ಹೊಳೆದಿರಲಿಲ್ಲ. ಮನೆಯವಳನ್ನಾಗಿ ಮಾಡಿಕೊಂಡವಳನ್ನು ನಾನೇ ಮತ್ತೆ ಅತಿಥಿಯ ಕುರ್ಚಿಯಲ್ಲಿ ಕೂರಿಸಿದ್ದೆ. ಆ ಪದ್ಧತಿಯನ್ನು ಅವಳಿಗೆ ಕಲಿಸಿದವಳೂ ನಾನೇ. ಫೋನ್ ಮಾಡಿ ತಪ್ಪಾಯಿತು ಎನ್ನಬೇಕೆಂದುಕೊಂಡೆ. ಅವಳ ದನಿ ಕೇಳಿದ ಮೇಲೆ "ಊಟ ಮಾಡಿದ್ಯಾ?" ಎಂದಷ್ಟೇ ಬಾಯಿಗೆ ಬಂತು. ಅವಳೂ "ಆತ್ರಿ" ಎಂದಳು. ಮೇ ತಿಂಗಳಲ್ಲಿ ಓದು ಮುಗಿಯಿತು. ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಓದು ಮುಗಿಸಿದವರಿಗೆ ಸರ್ಕಾರ ಒಂದು ವರ್ಷದ ಮಟ್ಟಿಗೆ ಕೊಡುವ ಕೆಲಸದ ಕಾರ್ಡ್ ಬಂದ ಕೂಡಲೇ ಹೋಗುತ್ತಾಳೆ ಎಂದು ಪದ್ಮನಾಭರಿಂದ ತಿಳಿಯಿತು. ಪರರ ಬಾಯಿಂದ! ಇನ್ನು ಅವಳು ಈ ಕಡೆ ತಿರುಗಿ ನೋಡುವುದಿಲ್ಲ ಎಂದುಕೊಂಡೆ. ಬಾಣಲೆಯನ್ನು ಮೇಲಿನ ಕಪಾಟಿಗೆ ಹಾಕಿ ಅತ್ತೆ.

ಜೂನ್ ಕೊನೆಯಲ್ಲಿ ಮೇಲ್‌ಬಾಕ್ಸಿನಲ್ಲಿ ಸರ್ಕಾರದ ಲಕೋಟೆ ಒಂದಿತ್ತು. ರೂಢಿಯಂತೆ ಎದೆ ಹೊಡೆದುಕೊಂಡಿತು. ತಿರುಗಿಸಿ ನೋಡಿದರೆ ಮಂಜರಿಯ ಹೆಸರು. ಅದರ ಕೆಳಗೆ, ಕೇರ್ ಆಫ್ ತಾಹೇರಾ. ಅದರ ಕೆಳಗೆ ನಮ್ಮ ಮನೆಯ ನಂಬರು.

ಅಲ್ಲಿಂದಲೇ ಒಳಗೆ ಓಡಿ ಫೋನ್ ಮಾಡಿದೆ. "ನಿನ್ನ ಕಾಗದ ಇಲ್ಲಿಗೆ ಬಂದಿದೆಯಲ್ಲೇ!"

"ಹೂಂ ರೀ. ಅಪಾರ್ಟ್‌ಮೆಂಟಿನ ಲೀಸ್ ಮುಗೀತಿತ್ತು. ಅಪ್ಲೈ ಮಾಡೂ ಮುಂದ, ಅಡ್ರೆಸ್ ಅಂತ ಇತ್ತು... ನಿಮ್ಮನ್ನ ಕೇಳಲಾರ್ದ ಬರದ್ನಿ. ಸಿಟ್ಟಾದ್ರೇನ್ರಿ?"

"ಕಾಲು ಮುರೀತೀನಿ, ನಾಳೆ ಊಟಕ್ಕೆ ಬಾ" ಎಂದೆ. ಅಳು ಬರುತ್ತಿತ್ತು, ಅದಕ್ಕೇ ಬೈದೆ.

ಮರುದಿನ ಅಲೀಮ್ ಕರೆದುಕೊಂಡು ಬರಲು ಹೋದರು. ನಾನು ಕೆಂಪು ದಾರದ ಬಾಣಲೆ ಇಳಿಸಿ ಅವಳಿಗೆ ಇಷ್ಟವಾದ ಎಣ್ಣೆಗಾಯಿ ಮಾಡಲು ನಿಂತೆ. ಕಾರು ಬಂತೇ ಎಂದು ಬಡಾವಣೆಯ ರಸ್ತೆಯನ್ನೇ ನೋಡುತ್ತಾ ತಳ ಹತ್ತಿಸಿಬಿಟ್ಟೆ. ಮಂಜರಿ ಬಂದವಳು ಸೀದ ವಾಸನೆ ಮೂಸಿ ನಕ್ಕಳು. ಲಕೋಟೆ ಒಡೆದಳು. ಅವಳ ಫೋಟೋ ಇದ್ದ ಪುಟ್ಟ ಕಾರ್ಡ್. ಇನಾಯಾ ಅದನ್ನು ಹಿಡಿದು ಮನೆಯೆಲ್ಲ ಕುಣಿದಳು. ಸೀದ ಎಣ್ಣೆಗಾಯಿಯನ್ನೇ ಎಲ್ಲರೂ ಉಂಡೆವು.

ಉಂಡ ಮೇಲೆ ನನ್ನ ಹಾಳು ಕೈ ಅಭ್ಯಾಸಬಲದಿಂದ ಅವಳ ತಟ್ಟೆಗೆ ಹೋಯಿತು. ಮಂಜರಿ ಆ ಕಡೆಯಿಂದ ತಟ್ಟೆ ಹಿಡಿದಳು. ಬಿಡಲಿಲ್ಲ. ಇನ್ನೊಂದು ಕೈಯಿಂದ ಕಾರ್ಡನ್ನು ನನ್ನ ಕಣ್ಣಿನ ಮುಂದೆ ತಂದಳು.

"ನೋಡ್ರಿ ಆಂಟಿ. ಕೆಲಸ ಮಾಡಾಕ ಸರ್ಕಾರ ಅನುಮತಿ ಕೊಟ್ಟೈತಿ. ಇನ್ನ ನಿಮ್ಮದೊಂದ ಬಾಕಿ." ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು.

ತಪ್ಪಾಯಿತು ಎಂಬ ಮಾತು ಆಗಲೂ ನನ್ನ ಬಾಯಿಗೆ ಬರಲಿಲ್ಲ. ತಟ್ಟೆ ಬಿಟ್ಟೆ. ನನ್ನ ತಟ್ಟೆಯನ್ನೂ ಅದರ ಮೇಲಿಟ್ಟೆ. ಅದರ ಮೇಲೆ ಅಲೀಮ್ ತಟ್ಟೆ, ಇನಾಯಾ ತಟ್ಟೆ. ಒಲೆಯ ಮೇಲಿಂದ ಸೀದ ಬಾಣಲೆಯನ್ನೂ ತಂದು ಸಿಂಕಿನಲ್ಲಿಟ್ಟು, "ತಳ ಚೆನ್ನಾಗಿ ಉಜ್ಜು" ಎಂದೆ.

ಅವಳು ತೋಳು ಮಡಿಸಿ ಮುಕ್ಕಾಲು ಗಂಟೆ ಉಜ್ಜಿದಳು. ನಾನು ಸಹಾಯಕ್ಕೆ ಹೋಗಲಿಲ್ಲ. ಪಕ್ಕದಲ್ಲೇ ದುಪಟ್ಟಾ ಹಾಕಿಕೊಂಡು ನಿಂತಿದ್ದೆ, ಕೈ ಒರೆಸಿಕೊಳ್ಳಲು ಬೇಕಾದೀತು ಎಂದು.