ಅರ್ಥ ಕೇಳದ ಮುರುಗೆಪ್ಪನವರು

ಮುರುಗೆಪ್ಪನವರ ಜೊತೆ ನಡೆಯಲು ಹೊರಟವರು ಒಂದಕ್ಕೆ ಸಿದ್ಧರಾಗಿರಬೇಕಿತ್ತು. ಮಾತಿನ ನಡುವೆ, ಹೆಜ್ಜೆಯ ನಡುವೆ, ಒಮ್ಮೊಮ್ಮೆ ರಸ್ತೆ ದಾಟುವ ಬಿಳಿಪಟ್ಟಿಯ ನಟ್ಟನಡುವೆಯೇ, ಅವರು ಗಕ್ಕನೆ ನಿಂತುಬಿಡುತ್ತಿದ್ದರು. ಹಿಂದಿನಿಂದ ಬಂದವರು ಅವರ ಅಗಲವಾದ ಬೆನ್ನಿಗೆ ಮುಗ್ಗರಿಸಿ, ಉರ್ದುವಿನಲ್ಲೋ ಮಲಯಾಳದಲ್ಲೋ ಗೊಣಗಿಕೊಂಡು ಬಳಸಿ ಹೋಗುತ್ತಿದ್ದರು. ಇವರು ಮಾತ್ರ ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಎದುರಿನ ಅಂಗಡಿಯ ಫಲಕವನ್ನೋ ಹಾದುಹೋದ ಲಾರಿಯ ನಂಬರನ್ನೋ ನೋಡುತ್ತ, ಯಾರೋ ಮೆಲ್ಲಗೆ ಹೇಳುತ್ತಿರುವುದನ್ನು ಪೂರ್ತಿ ಕೇಳಿಸಿಕೊಳ್ಳುವವರ ಹಾಗೆ ನಿಂತಿರುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಬಂತು ನೋಡ್ರಿ ಒಂದು," ಎನ್ನುತ್ತಿದ್ದರು. ಏನು ಬಂತೆಂದು ಕೇಳಿದರೆ ಸಂತೋಷದಿಂದ ಹೇಳುತ್ತಿದ್ದರು. ಅದರ ಅರ್ಥವೇನೆಂದು ಕೇಳಿದರೆ ಮಾತ್ರ ಹುಬ್ಬು ಗಂಟಿಕ್ಕುತ್ತಿತ್ತು. "ಅರ್ಥ ಕೇಳಬ್ಯಾಡ್ರಿ ಮಾಸ್ತರ. ಬಂದದ್ದು ಬಂತು. ಇಟಗೋಬೇಕು, ಅಷ್ಟ."

ಅವರು ಗುಳೇದಗುಡ್ಡದ ಕಡೆಯವರು. ಇಲ್ಲಿ, ಈ ಕೊಲ್ಲಿ ದೇಶದಲ್ಲಿ, ನಗರದ ಕಟ್ಟಡಗಳಿಗೆಲ್ಲ ತಣ್ಣೀರು ಹಾಯಿಸಿ ತಂಪು ಮಾಡುವ ಸ್ಥಾವರವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಎಂಜಿನಿಯರು. ನಾನು ಕುಂದಾಪುರದವನು, ಬನಿಯಾಸ್‌ನ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಅವರ ಕಟ್ಟಡದಲ್ಲೇ ಎರಡು ಮಹಡಿ ಕೆಳಗಿದ್ದೇನೆ. ಜೂನ್ ತಿಂಗಳ ಬೆಂಕಿಯಂಥ ಮಧ್ಯಾಹ್ನದಲ್ಲೂ ಅವರ ಮೈಮೇಲೆ ಒಂದು ಕಂದು ಉಣ್ಣೆಯ ಕೋಟು ಇರುತ್ತಿತ್ತು. ಮೊದಮೊದಲು ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅವರ ಲೆಕ್ಕ ಬೇರೆಯೇ ಇತ್ತು: ಈ ದೇಶದಲ್ಲಿ ಮನುಷ್ಯ ಬಿಸಿಲಲ್ಲಿ ಇರುವುದು ದಿನಕ್ಕೆ ನೂರು ಹೆಜ್ಜೆ, ಉಳಿದದ್ದೆಲ್ಲ ಎ.ಸಿ.ಯ ಥಂಡಿ, ಆ ಥಂಡಿ ತಯಾರಿಸುವವನಾದ ತನಗೆ ಅದರ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲ. ಕೇಳಿದ ಮೇಲೆ ನನಗೂ ಅದು ಸರಿಯೆನ್ನಿಸಿತು.

ಅವರಿಗೆ ಬರುತ್ತಿದ್ದ 'ಒಂದು'ಗಳಾದರೂ ಎಂಥವು! ಒಮ್ಮೆ ಪೇಶಾವರದ ಟ್ಯಾಕ್ಸಿ ಚಾಲಕನೊಬ್ಬ ತನ್ನಷ್ಟಕ್ಕೆ ಗುನುಗುತ್ತಿದ್ದ ಧಾಟಿ, ಇವರ ತಾಯಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಧಾಟಿಯೇ ಆಗಿತ್ತು. ಇವರು ದಾರಿಯಲ್ಲೇ ಇಳಿದು, ಉಳಿದ ಎರಡು ಕಿಲೋಮೀಟರು ನಡೆದುಕೊಂಡು ಮನೆಗೆ ಬಂದರು. ಇನ್ನೊಮ್ಮೆ, ಕೆಳಗಿನ ಉಮ್ಮರಬ್ಬನ ಕೆಫೆಟೇರಿಯಾದಲ್ಲಿ ನಾವು ಚಹಾ ಕುಡಿಯುತ್ತಿದ್ದಾಗ ಇವರ ಕೈಗಡಿಯಾರ ನಾಲ್ಕು ಹತ್ತಕ್ಕೆ ನಿಂತಿತು. ತಲೆಯೆತ್ತಿದರೆ ಗೋಡೆಯ ಗಡಿಯಾರವೂ ನಾಲ್ಕು ಹತ್ತಕ್ಕೆ ನಿಂತಿತ್ತು. ಉಮ್ಮರಬ್ಬ ಹೆದರಿ ಊರಿಗೆ ಫೋನು ಹಚ್ಚಿ ಎಲ್ಲರೂ ಬದುಕಿದ್ದಾರೆಂದು ಖಾತ್ರಿ ಮಾಡಿಕೊಂಡ. ಯಾರೂ ಸತ್ತಿರಲಿಲ್ಲ, ಯಾರೂ ಹುಟ್ಟಿರಲಿಲ್ಲ. ಸಂಭಾವ್ಯತೆಯ ಸೂತ್ರ ಹಿಡಿದು ನಾನು ಒಂದೊಂದನ್ನೂ ಬಿಡಿಸಿ ತೋರಿಸುತ್ತಿದ್ದೆ. ಮುರುಗೆಪ್ಪನವರು ಒಳ್ಳೆಯ ವಿದ್ಯಾರ್ಥಿಯಂತೆ ಕೇಳಿ, ಲೆಕ್ಕ ಸರಿಯಿದೆ ಎಂದು ಒಪ್ಪಿ, ತಮ್ಮ ಪಾಡಿಗೆ ತಾವಿರುತ್ತಿದ್ದರು.

ಈ ಸ್ವಭಾವಕ್ಕೆ ತಕ್ಕ ಬಳಗವೂ ಅವರಿಗೆ ಸಿಕ್ಕಿತ್ತು. ಹತ್ತು ವರ್ಷದ ಹಿಂದೆ ಅಲ್ ಐನ್‌ನಿಂದ ಕಾರಿನಲ್ಲಿ ಬರುತ್ತಿದ್ದಾಗ, ರಸ್ತೆಯಿಂದ ತುಸು ದೂರದ ಮರಳಿನಲ್ಲಿ ಐದಾರು ಜನ ವಿದೇಶೀಯರು ಕೈ ಕೈ ಹಿಡಿದು ಒಂದು ಮರದ ಸುತ್ತ ನಿಂತದ್ದನ್ನು ಕಂಡು, ಏನೋ ಅಪಘಾತವಾಗಿದೆಯೆಂದು ಇವರು ಕಾರು ನಿಲ್ಲಿಸಿ ಓಡಿದರು. ಹತ್ತಿರ ಹೋಗಿ ನೋಡಿದರೆ ಮರ ಬನ್ನಿಮರ. ಇಲ್ಲಿಯವರು ಘಾಫ್ ಎನ್ನುವುದೂ ನಮ್ಮವರು ಬನ್ನಿ ಎನ್ನುವುದೂ ಒಂದೇ ಮರ. ನಂಬಿಕೆ ಸಾಲದೆ ನಾನೇ ಪುಸ್ತಕ ತೆಗೆದು ನೋಡಿದ್ದೇನೆ. ಮುರುಗೆಪ್ಪನವರು ಬೂಟು ಬಿಚ್ಚಿಟ್ಟು ಮೂರು ಸುತ್ತು ಬಂದು ನಮಸ್ಕರಿಸಿದರು. ಆ ಜನ ಇವರೂ ತಮ್ಮವರೇ ಎಂದುಕೊಂಡರು. ಕ್ರಿಸ್ತನಿಗಿಂತ ಹಿಂದಿನ ತಮ್ಮ ನಾಡುಗಳ ದೇವತೆಗಳನ್ನು, ಮರವನ್ನು, ಬೆಂಕಿಯನ್ನು, ಸೂರ್ಯನ ಸಂಕ್ರಮಣಗಳನ್ನು ಹೊಸದಾಗಿ ಹಿಡಿದುಕೊಂಡ ಪೇಗನ್ನರು ಅವರು. ಜುಮೇರಾ ಲೇಕ್ ಟವರ್ಸ್ ಎಂಬ ಬಡಾವಣೆಯಲ್ಲಿ ಯೋಗ ಕಲಿಸುವ ಲಿಥುವೇನಿಯಾದ ಹೆಂಗಸೊಬ್ಬಳು ಅವರ ಹಿರಿಯಳು. ಯಾರಾದರೂ ವಿಚಾರಿಸಿದರೆ ಪಿಕ್ನಿಕ್ ಎಂದು ಹೇಳಿ ವರ್ಷಕ್ಕೆ ಎಂಟು ಸಲ ಸೇರುತ್ತಿದ್ದರು. ಸೇರಿದಾಗ ಪ್ರತಿಯೊಬ್ಬರೂ ತಮಗೆ ಒದಗಿದ ಒಂದು ವಿಚಿತ್ರವನ್ನು ಹೇಳಬೇಕು, ಉಳಿದವರು ವ್ಯಾಖ್ಯಾನ ಮಾಡದೆ ಕೇಳಬೇಕು. ಕುರುಹನ್ನು ಬೇಡಬಾರದು, ಕೃತಕವಾಗಿ ಒದಗಿಸಲೂ ಬಾರದು. ಮರದಿಂದ ಹಸಿರು ಕೀಳಬಾರದು, ಬಿದ್ದದ್ದನ್ನಷ್ಟೇ ಎತ್ತಿಕೊಳ್ಳಬೇಕು. ದಸರೆಯ ದಿನ ಬನ್ನಿ ಹಂಚುವ ಪದ್ಧತಿಯನ್ನು ಈ ಬಳಗಕ್ಕೆ ಸೇರಿಸಿದವರು ಮುರುಗೆಪ್ಪನವರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂಬ ಮಾತನ್ನು ಆ ಲಿಥುವೇನಿಯಾದ ಹೆಂಗಸು ಗುಳೇದಗುಡ್ಡದ ಉಚ್ಚಾರದಲ್ಲೇ ಹೇಳುವುದನ್ನು ನಾನು ಕೇಳಿದ್ದೇನೆ.

ಅವರ ಹೆಂಡತಿ ಕಲ್ಲವ್ವನಿಗೆ ಇದೊಂದೂ ಸೇರುತ್ತಿರಲಿಲ್ಲ. ಬಳಗಕ್ಕೆ ಆಕೆ ಇಟ್ಟ ಹೆಸರು 'ಗಿಡದ ಮಂದಿ'. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಗಿಡದ ಚಾಕರಿ ಯಾಕೆ ಎಂದು ಆಕೆ, ಕೊರಳು ಲಿಂಗಕ್ಕೆ ಕೈ ಎಲೆಗೆ, ಜಗಳವೆಲ್ಲಿದೆ ಎಂದು ಇವರು. ಈ ವಾಗ್ವಾದದ ನಡುವೆ ಬೆಳೆದವನು ಅವರ ಒಬ್ಬನೇ ಮಗ ತರುಣ. ಹುಡುಗ ತಮಾಷೆಯವನು. ದಸರೆಗೆ ಎಲ್ಲರ ಕೈಗೆ ಬನ್ನಿ ಕೊಟ್ಟು ಕಾಲಿಗೆರಗುವವನು ಅಪ್ಪನಿಗೆ ಮಾತ್ರ ಕೈಯಲ್ಲಿ ಕೊಡುತ್ತಿರಲಿಲ್ಲ; ಗೊತ್ತಾಗದ ಹಾಗೆ ಅವರ ಕೋಟಿನ ಒಳಜೇಬಿಗೆ ಸೇರಿಸಿಬಿಡುತ್ತಿದ್ದ. ಎರಡು ದಿನ ಬಿಟ್ಟು ಪೆನ್ನು ಹುಡುಕುವಾಗ ಕೈಗೆ ಎಸಳು ಸಿಕ್ಕಿ ಮುರುಗೆಪ್ಪನವರು ಇಡೀ ಕಟ್ಟಡಕ್ಕೆ ಕೇಳುವಂತೆ ನಗುತ್ತಿದ್ದರು.

ಕಳೆದ ವರ್ಷ ಜೂನ್‌ನಲ್ಲಿ ತರುಣ ಕೆಲಸಕ್ಕಿದ್ದ ಸಣ್ಣ ಸರಕು ಹಡಗು ಮಳೆಗಾಲದ ಕಡಲಿನಲ್ಲಿ ಮುಳುಗಿತು. ಇಪ್ಪತ್ತನಾಲ್ಕು ವರ್ಷ ಅವನಿಗೆ. ಒಂಬತ್ತು ಜನರಲ್ಲಿ ಇಬ್ಬರು ಬದುಕಿ ಬಂದರು, ನಾಲ್ವರ ಶರೀರ ಸಿಕ್ಕಿತು, ಮೂವರು ಏನಾದರೆಂದು ತಿಳಿಯಲಿಲ್ಲ. ತರುಣ ಆ ಮೂವರಲ್ಲೊಬ್ಬ.

ಸತ್ತರೆ ಅಳಬಹುದು, ಬದುಕಿದ್ದರೆ ಹುಡುಕಬಹುದು. ಈ ಎರಡೂ ಅಲ್ಲದ ಜಾಗದಲ್ಲಿ ಆ ಗಂಡಹೆಂಡಿರು ನಾಲ್ಕು ತಿಂಗಳು ಬದುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಚಿತ್ರವೆಂದರೆ ಮುರುಗೆಪ್ಪನವರ 'ಒಂದು'ಗಳು ಈ ಕಾಲದಲ್ಲಿ ನಿಲ್ಲಲಿಲ್ಲ. ಅವರ ಬ್ಯಾಂಕಿನ ಟೋಕನ್ನಿನ ನಂಬರೂ ನನ್ನ ಮನೆಯ ನಂಬರೂ ಒಂದೇ ಆಗುತ್ತಿತ್ತು; ಮೂವತ್ತು ವರ್ಷ ಕಾಣದ ಸಹಪಾಠಿ ಲಿಫ್ಟಿನಲ್ಲಿ ಎದುರಾಗುತ್ತಿದ್ದ. "ದಿನಾ ಬರ್ತಾವ ಮಾಸ್ತರ," ಎಂದರು ಒಂದು ದಿನ. "ಜಗತ್ತಿನ ಸುದ್ದಿ ಎಲ್ಲಾ ಬರ್ತಾವ. ಅಂವನ್ದು ಒಂದೂ ಬರಂಗಿಲ್ಲ."

ಕಡೆಗೆ ಕಲ್ಲವ್ವನೇ, ಜನ್ಮದಲ್ಲಿ ಇವನ್ನು ನಂಬದಿದ್ದವಳು, ಗಂಡನ ಮುಂದೆ ಸೆರಗೊಡ್ಡಿದಳು. ಗಿಡದ ಮಂದಿಯನ್ನು ಕೂಡಿಸಿಯಾದರೂ ಒಂದು ಸಲ ಕೇಳಿ, ಹೂಂ ಅನ್ನಲಿ ಇಲ್ಲ ಊಹೂಂ ಅನ್ನಲಿ, ನಾನು ತಡೆದುಕೊಳ್ಳುತ್ತೇನೆ ಎಂದಳು. ಮುರುಗೆಪ್ಪನವರು ಕೇಳಲಿಲ್ಲ. ಬೇಡಿ ಪಡೆದದ್ದು ತಮ್ಮ ಮನಸ್ಸಿನ ಪ್ರತಿಧ್ವನಿಯೇ ಹೊರತು ಮಗನ ಸುದ್ದಿಯಲ್ಲ ಎಂಬ ನಿಷ್ಠುರವನ್ನು ಅವರು ಹೆಂಡತಿಯ ಕಣ್ಣೀರಿನ ಎದುರಿಗೂ ಸಡಿಲಿಸಲಿಲ್ಲ. ಆಕೆ ಆ ರಾತ್ರಿ ಅತ್ತು ಅತ್ತು, ಬೆಳಗ್ಗೆ ಎದ್ದು, ಇನ್ನು ಸಾಕು, ಊರಿಗೆ ಹೋಗಿ ಮಗನ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿ ಬರೋಣ ಎಂದಳು. ದಸರೆ ಕಳೆದ ವಾರಕ್ಕೆ ಟಿಕೆಟ್ಟಾಯಿತು. ಕಷ್ಟಪಟ್ಟು, ಇಂಚಿಂಚಾಗಿ, ಆ ತಾಯಿ ಸಾವನ್ನು ಒಪ್ಪಿಕೊಳ್ಳುವ ಹಾದಿಗೆ ಬಂದಿದ್ದಳು.

ಇಲ್ಲಿ ನನ್ನ ಕೈ ನಡುವೆ ಬಂತು. ವಿಜಯದಶಮಿಯ ದಿನ ಶಾಲೆಯಿಂದ ಬರುವಾಗ, ಬೇಲಿಯಾಚೆಗಿನ ಘಾಫ್ ಮರದಿಂದ ನಾನೊಂದು ಹಸಿರು ಎಸಳು ಕಿತ್ತುಕೊಂಡೆ. ಉಮ್ಮರಬ್ಬನಲ್ಲಿ ಊಟಕ್ಕೆ ಕುಳಿತಾಗ ಮುರುಗೆಪ್ಪನವರು ಕೋಟನ್ನು ಕುರ್ಚಿಗೆ ಹಾಕಿ ಕೈ ತೊಳೆಯಲು ಎದ್ದರು. ನಾನು ಎಸಳನ್ನು ಅದರ ಒಳಜೇಬಿಗಿಳಿಸಿದೆ. ನನ್ನ ಉದ್ದೇಶವೇನಿತ್ತು? ಮಗ ಹೋದಲ್ಲಿಂದಲೇ ನಮಸ್ಕಾರ ಹೇಳಿದನೆಂದು ಅವರ ಜೀವಕ್ಕೆ ತುಸು ಸಮಾಧಾನವಾಗಲಿ, ಒಂದು ಸಲ ಅತ್ತು ಹಗುರಾಗಲಿ, ಅಷ್ಟೇ. ದೇವರಾಣೆಗೂ ಅಷ್ಟೇ. ಲೆಕ್ಕದ ಮೇಷ್ಟ್ರಿಗೆ ಇಷ್ಟು ಲೆಕ್ಕ ತಿಳಿಯಲಿಲ್ಲ.

ಅಂದು ಸಂಜೆ ಎಸಳು ಅವರ ಕೈಗೆ ಸಿಕ್ಕಿದ್ದು ಮನೆಯಲ್ಲಿ, ಕಲ್ಲವ್ವನ ಎದುರಿಗೆ. ಮುರುಗೆಪ್ಪನವರು ಅದನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರಂತೆ. ಬಳಗದವರ ಚೇಷ್ಟೆಯಾಗಿದ್ದರೆ ಒಣ ಎಸಳಿರಬೇಕಿತ್ತು. ಹಸಿರನ್ನು ಅವರಲ್ಲಿ ಯಾರೂ ಜೀವಹೋದರೂ ಕೀಳುವವರಲ್ಲ. ನನ್ನ ಮೇಲಂತೂ ಸಂಶಯವೇ ಇರಲಿಲ್ಲ, ಇವನ್ನೆಲ್ಲ ನಕ್ಕು ತಳ್ಳಿಹಾಕುವ ಮನುಷ್ಯ ನಾನು. ಅರ್ಥ ಕೇಳಬಾರದೆಂದು ಜೀವಮಾನವಿಡೀ ಹೇಳಿಕೊಂಡು ಬಂದವರು ಆ ಒಂದು ಗಳಿಗೆಯಲ್ಲಿ ತಾವೇ ಅರ್ಥ ಹೇಳಿಬಿಟ್ಟರು: "ಹಸರ ಐತಿ ನೋಡು ಕಲ್ಲವ್ವಾ. ಅಂವ ಅದಾನ."

ಮೂರನೆಯ ದಿನ, ಟಿಕೆಟ್ಟು ರದ್ದಾಯಿತೆಂಬ ಸುದ್ದಿ ಉಮ್ಮರಬ್ಬನ ಬಾಯಿಂದ ಬಂತು. ಓಡಿ ಹೋಗಿ ಮುರುಗೆಪ್ಪನವರನ್ನು ಕೆಳಗೆ ಕರೆದುಕೊಂಡು ಬಂದು, ಪಾರ್ಕಿಂಗಿನ ಕಂಬದ ಪಕ್ಕದಲ್ಲಿ ನಿಂತು, ಎಲ್ಲವನ್ನೂ ಒಪ್ಪಿಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಲಿಥುವೇನಿಯಾದವಳ ಉಂಗುರ ಮರಳಿನಲ್ಲಿ ಕಳೆದು, ಮರುವರ್ಷ ಅದೇ ಮರದ ಮುಳ್ಳಿನಲ್ಲಿ ತೂಗುತ್ತಿತ್ತಲ್ಲ, ಅದನ್ನೂ ನೀವೇ ಮಾಡಿದ್ದಾ ಎಂದು ಕೇಳಿದರು. ಇಲ್ಲವೆಂದು ಆಣೆ ಮಾಡಿದೆ. ಉಮ್ಮರಬ್ಬನ ಗಡಿಯಾರ? ಇಲ್ಲ. ಟ್ಯಾಕ್ಸಿಯವನ ಹಾಡು? ನಾನು ಆಗ ಈ ದೇಶಕ್ಕೇ ಬಂದಿರಲಿಲ್ಲ. ಒಂದೊಂದಕ್ಕೂ ತಲೆಯಾಡಿಸಿದರು, ಒಂದನ್ನೂ ನಂಬಲಿಲ್ಲ. ಐವತ್ತೆಂಟು ವರ್ಷದ ಬದುಕಿನಲ್ಲಿ ಜೋಪಾನವಾಗಿ ಕೂಡಿಟ್ಟದ್ದೆಲ್ಲ ನನ್ನ ಕಣ್ಣ ಮುಂದೆಯೇ ಖೋಟಾ ಮಾಲಾಯಿತು. ಕೊನೆಗೆ ಅವರು ಕೇಳಿಕೊಂಡದ್ದು ಒಂದೇ.

"ಆಕಿಗೆ ಹೇಳಬ್ಯಾಡ್ರಿ ಮಾಸ್ತರ. ಎರಡನೇ ಸಲ ಮಗನ್ನ ಕೊಲ್ಲಾಕ ಆಗಂಗಿಲ್ಲ."

ಹೇಳಲಿಲ್ಲ. ಈಗ ಕಲ್ಲವ್ವ ವಾರಕ್ಕೊಮ್ಮೆ ಮಗನ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿ ಇಡುತ್ತಾಳೆ. ಊರಿನಿಂದ ಗಣಾರಾಧನೆಯ ಮಾತೆತ್ತಿದ ಮೈದುನನಿಗೆ ಬಾಯಿಗೆ ಬಂದಂತೆ ಬೈದು ಸಂಬಂಧ ಕಡಿದುಕೊಂಡಿದ್ದಾಳೆ. ಸಂಜೆ ಗಂಡ ಬಾಗಿಲು ತೆಗೆದು ಒಳಬಂದ ಕೂಡಲೇ, ಇವತ್ತು ಏನಾದರೂ ಬಂತೇ ಎಂದು ಕೇಳುತ್ತಾಳೆ. ಬರಲಿಲ್ಲ ಎಂದ ದಿನ ಊಟ ಬಿಡುತ್ತಾಳೆ. ಗಂಡನಿಗೀಗ ಯಾವುದೂ ಬರುತ್ತಿಲ್ಲ. ಬಂದರೂ ಅವರು ನೋಡುತ್ತಿಲ್ಲ.

ಹದಿನೈದು ದಿನದ ಹಿಂದೆ, ಮಧ್ಯಾಹ್ನ, ಉಮ್ಮರಬ್ಬನ ಕೆಫೆಟೇರಿಯಾದ ಮೂಲೆಯ ಮೇಜಿಗೆ ಅವರು ಬಂದು ಕುಳಿತರು. ಕೋಟಿನಿಂದ ಒಂದು ಹಳೆಯ ಫೋನು ತೆಗೆದು ಅದಕ್ಕೆ ಹೊಸ ಸಿಮ್ ಹಾಕಿದರು, ಮನೆಯ ನಂಬರು ಒತ್ತಿದರು, ಕಿವಿಗಿಟ್ಟುಕೊಂಡು ಉಸಿರು ಬಿಗಿಹಿಡಿದರು. ಎದುರಿಗೆ ಕುಳಿತ ನನಗೂ ಆ ದನಿ ಕೇಳಿಸಿತು: "ಯಾರು? ತರುಣಾ? ನೀ ಏನಪಾ?" ಮುರುಗೆಪ್ಪನವರು ಹತ್ತು ಎಣಿಸುವಷ್ಟು ಹೊತ್ತು ಕೇಳಿಸಿಕೊಂಡು, ಏನೂ ಹೇಳದೆ, ಫೋನು ಕಡಿದರು. ಸಿಮ್ ತೆಗೆದು ತಟ್ಟೆಯ ಅಂಚಿನಲ್ಲಿಟ್ಟು, ಇಂದು ಆಕೆ ಎರಡು ರೊಟ್ಟಿ ಹೆಚ್ಚು ತಿನ್ನುತ್ತಾಳೆ ಎಂದರು. ನಾನು ಅವರ ಕೈ ಹಿಡಿಯಲು ಹೋಗಿ, ಯೋಗ್ಯತೆಯಿಲ್ಲವೆನಿಸಿ ಹಿಂದೆಗೆದೆ.

ಲೋಕದ ಸಣ್ಣಪುಟ್ಟ ಸನ್ನೆಗಳಿಗೆ ಕಿವಿಗೊಟ್ಟು ಬದುಕುವವರನ್ನು ನಾವು ಬುದ್ಧಿವಂತರು ಭೋಳೆ ಸ್ವಭಾವದವರೆಂದು ಬಗೆಯುತ್ತೇವೆ. ಅವರಲ್ಲಿರುವ ಕಠಿಣವಾದ ಶೀಲ ನಮಗೆ ಕಾಣುವುದಿಲ್ಲ: ಅವರು ಬೇಡುವುದಿಲ್ಲ, ಕಲ್ಪಿಸುವುದಿಲ್ಲ, ಬಂದದ್ದಕ್ಕೆ ತಮ್ಮ ಆಸೆಯ ಬಣ್ಣ ಬಳಿಯುವುದಿಲ್ಲ. ಏನನ್ನೂ ನಂಬದ ನಮಗೆ ಅಂಥ ಕಟ್ಟುಪಾಡಿಲ್ಲ; ಆದ್ದರಿಂದಲೇ ಒಂದು ಕರುಣೆಯ ನೆಪ ಸಾಕು, ಅವರ ದೇವರ ಕೆಲಸಕ್ಕೆ ನಾವು ನಾಚಿಕೆಯಿಲ್ಲದೆ ಕೈ ಹಾಕುತ್ತೇವೆ. ಅಂಥವರು ಒಮ್ಮೆ ಮೋಸಹೋದರೆ ನಮ್ಮ ಹಾಗೆ ಸುಲಭವಾಗಿ ನಾಸ್ತಿಕರೂ ಆಗಲಾರರು. ಇನ್ನೊಬ್ಬರ ನಂಬಿಕೆಯನ್ನು ಕಾಯುವ ಸುಳ್ಳುಗಾರರಾಗಿ ಉಳಿಯುತ್ತಾರೆ, ಮತ್ತು ಕುರುಹು ತಯಾರಿಸಲು ಕಲಿತವನಿಗೆ ಮುಂದೆ ಯಾವ ಕುರುಹೂ ದಕ್ಕುವುದಿಲ್ಲ. ನಾಳೆ ಸಾಕ್ಷಾತ್ ತರುಣನೇ ಬಂದು ಬಾಗಿಲು ತಟ್ಟಿದರೂ, ನನ್ನಂಥ ಯಾರೋ ಕರುಣಾಳುವಿನ ಕೆಲಸವಿರಬೇಕೆಂದು ಮುರುಗೆಪ್ಪನವರು ಕುಳಿತಲ್ಲಿಂದ ಏಳುವುದಿಲ್ಲ.